ನೀರಿನ ಬಳಿಯ ಬಂಗಲೆ: ವಿಶಾಖಪಟ್ಟಣ, ವಿಜಯವಾಡಗಳ ಕಥೆ

ಹೊರನಾಡಿಗೆ ಬಂದು ನೆಲೆಸಿದ ಕನ್ನಡಿಗರ ಮಾತಿನಲ್ಲಿ ಎರಡು ಮನೆಗಳ ವಿಚಾರ ಪದೇ ಪದೇ ಬರುತ್ತದೆ. ಒಂದು, ಊರಿನಲ್ಲಿ ಬಿಟ್ಟು ಬಂದ ಮನೆ. ಇನ್ನೊಂದು, ನಿವೃತ್ತಿಯ ಹೊತ್ತಿಗೆ ಎಲ್ಲಾದರೂ ಮಾಡಿಕೊಳ್ಳಬೇಕೆಂದಿರುವ ಮನೆ. ಮೊದಲನೆಯದು ಅಣ್ಣತಮ್ಮಂದಿರ ಪಾಲಾಗಿಯೋ ಹಾಳುಬಿದ್ದೋ ಬಹುಮಟ್ಟಿಗೆ ಕೈತಪ್ಪಿರುತ್ತದೆ. ಎರಡನೆಯದಕ್ಕೆ ಈಚೆಗೆ ಒಂದು ಹೊಸ ರೂಪ ಬಂದಿದೆ. ಕಡಲ ದಂಡೆಯಲ್ಲೋ, ಹೊಳೆಯ ತಡಿಯಲ್ಲೋ, ಬೆಟ್ಟದ ತಪ್ಪಲಲ್ಲೋ ಬೇಲಿ ಹಾಕಿದ ತೋಟ. ಅದರೊಳಗೆ ಸಾಲಾಗಿ ಪುಟ್ಟ ಪುಟ್ಟ ಬಂಗಲೆಗಳು. ಅದರಲ್ಲಿ ಎರಡು ಕೋಣೆಯದೊಂದು ನಮ್ಮದು. ರಜೆಗೆ ಮಕ್ಕಳು ಮೊಮ್ಮಕ್ಕಳು ಬಂದು ಸೇರುವ ಜಾಗ. ಊರಿನ ಮನೆ ಇಲ್ಲದವರಿಗೆ ಅದೇ ಊರಿನ ಮನೆ.

ಈ ಆಸೆ ನಮಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾವು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ನೌಕಾದಳ, ಬಂದರು, ಉಕ್ಕಿನ ಕಾರ್ಖಾನೆ, ರೈಲ್ವೆ, ಬ್ಯಾಂಕುಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳ ಪರಿಚಯ ನಮಗಿದೆ. ಅವರಲ್ಲಿ ಕೆಲವರು ಇಂಥ ಬಂಗಲೆಗಳ ಬಣ್ಣದ ಹಾಳೆಗಳನ್ನು ತೋರಿಸಿ, 'ಕೊಳ್ಳಬಹುದೇ?' ಎಂದು ಕೇಳಿದ್ದುಂಟು. ಬೆಲೆ ಹೇಳಲು ದಳ್ಳಾಳಿಗಳಿದ್ದಾರೆ. ಆ ನೆಲದ ಹಿಂದಿನ ಕಥೆ ಹೇಳುವವರು ಕಡಿಮೆ. ಆದ್ದರಿಂದ ಈ ಎರಡು ಊರುಗಳಲ್ಲಿ ನೀರಿನ ಬಳಿ ಮನೆ ಮಾಡಿದವರ ಚರಿತ್ರೆಯನ್ನು ಇಲ್ಲಿ ಸ್ವಲ್ಪದರಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ಬಂಗಲೆ ಎಂಬ ಮಾತು

ಮೊದಲು ಮಾತಿನಿಂದಲೇ ಆರಂಭಿಸೋಣ. ಬಂಗಲೆ ಎಂದರೆ ಬಂಗಾಳದ ಮನೆ. ಇಳಿಜಾರು ಮಾಡು, ಸುತ್ತ ಜಗಲಿ, ಒಂದೇ ಅಂತಸ್ತು. ಈ ಹಳ್ಳಿಮನೆಯ ಮಾದರಿಯನ್ನು ಕಂಪನಿಯ ಇಂಗ್ಲಿಷರು ಹಿಡಿದುಕೊಂಡು ತಮ್ಮ ಅನುಕೂಲಕ್ಕೆ ಹಿಗ್ಗಿಸಿದರು. ದಾರಿಯುದ್ದಕ್ಕೂ ಡಾಕ್ ಬಂಗಲೆಗಳೆದ್ದವು. ನಮ್ಮ ತಾಲ್ಲೂಕು ಊರುಗಳ ಟಿ.ಬಿ., ಐ.ಬಿ.ಗಳು, ಇಂದಿನ ಪ್ರವಾಸಿ ಮಂದಿರಗಳು, ಇವೆಲ್ಲ ಅದರ ಸಂತಾನವೇ.

ಕುತೂಹಲದ ಸಂಗತಿಯೆಂದರೆ ಈ ಬಂಗಲೆ ಇಂಗ್ಲೆಂಡಿಗೆ ಹೋದದ್ದು ರಜೆಯ ಮನೆಯಾಗಿ. 1869-70ರ ಸುಮಾರಿಗೆ ಕೆಂಟ್ ಸೀಮೆಯ ವೆಸ್ಟ್‌ಗೇಟ್ ಎಂಬ ಕಡಲ ತೀರದ ಊರಿನಲ್ಲಿ, ಆಮೇಲೆ ಪಕ್ಕದ ಬರ್ಚಿಂಗ್‌ಟನ್ನಿನಲ್ಲಿ, ಸಿರಿವಂತರು ಗಾಳಿ ಬದಲಾವಣೆಗೆಂದು ಬಂಗಲೆಗಳನ್ನು ಕಟ್ಟಿಸಿದರು. ಸಾಮಾನ್ಯರ ಸರದಿ ಬರಲು ಇನ್ನೂ ಬಹಳ ಕಾಲ ಹಿಡಿಯಿತು. 1938ರಲ್ಲಿ ಬ್ರಿಟನ್ನಿನಲ್ಲಿ ಸಂಬಳ ಸಹಿತ ರಜೆಯ ಕಾಯಿದೆ ಬಂದಿತು. 1960ರ ದಶಕದ ಕೊನೆಯಲ್ಲಿ ಹಾಲೆಂಡಿನ ಪೀಟ್ ಡೆರ್ಕ್‌ಸೆನ್ ಎಂಬ ವ್ಯಾಪಾರಿ ಕಾಡಿನ ನಡುವೆ ಪುಟ್ಟ ಬಂಗಲೆಗಳ ಗುಂಪನ್ನೇ ಕಟ್ಟಿಸಿ ಬಾಡಿಗೆಗೆ ಕೊಟ್ಟನು. ಈಗ ನಮಗೆ ಮಾರಲು ಬರುವ ಬಂಗಲೆ ತೋಟಗಳು ಆ ಡಚ್ ಮಾದರಿಯನ್ನೇ ಹೋಲುತ್ತವೆ. ಬಂಗಾಳದಿಂದ ಹೊರಟ ಮನೆ ಲೋಕ ಸುತ್ತಿ ಪುನಃ ಬಂಗಾಳ ಕೊಲ್ಲಿಯ ದಂಡೆಗೆ ಬಂದಂತಾಯಿತು.

ಬೆಟ್ಟದ ಮೇಲಿಂದ ಕಡಲು

ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ಕಡಲ ದಾರಿಯಲ್ಲಿ ಸುಮಾರು 15 ಕಿಲೋಮೀಟರಿಗೆ ತೊಟ್ಲಕೊಂಡ ಎಂಬ ಗುಡ್ಡ ಸಿಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಬೌದ್ಧ ಭಿಕ್ಷುಗಳ ವಿಹಾರವಿತ್ತು. ನೌಕಾದಳದವರು ನೆಲೆಗಾಗಿ ಜಾಗ ನೋಡುತ್ತಿದ್ದಾಗ ಇದರ ಕುರುಹು ಕಂಡಿತು. 1988ರಿಂದ 1993ರವರೆಗೆ ರಾಜ್ಯದ ಪುರಾತತ್ವ ಇಲಾಖೆ ಅಗೆದು ನೋಡಿತು. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದಲೇ ಗುಡ್ಡಕ್ಕೆ ಆ ಹೆಸರು. ಹತ್ತಿರದ ಬಾವಿಕೊಂಡಕ್ಕೆ ಬಾವಿಗಳಿಂದ ಹೆಸರು. ಕನ್ನಡಿಗರಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಮನಿಸಬೇಕಾದದ್ದು ಇಷ್ಟು. ಕಡಲನ್ನು ನೋಡುತ್ತ ಬಾಳಲು ಬಂದ ಆ ಸಂನ್ಯಾಸಿಗಳು ಮರಳಿನ ಮೇಲೆ ಮನೆ ಕಟ್ಟಲಿಲ್ಲ. ಸಮುದ್ರಮಟ್ಟದಿಂದ ನೂರು ಮೀಟರಿಗೂ ಎತ್ತರದ ಬಂಡೆಯನ್ನು ಆರಿಸಿಕೊಂಡರು. ಕುಡಿಯುವ ನೀರಿಗೆ ಮಳೆಯನ್ನು ನಂಬಿ ತೊಟ್ಟಿ ಕೊರೆದರು.

ಭೀಮುನಿಪಟ್ಟಣಕ್ಕೆ 17ನೆಯ ಶತಮಾನದಲ್ಲಿ ಡಚ್ಚರು ವ್ಯಾಪಾರಕ್ಕೆ ಬಂದರು. 1825ರಲ್ಲಿ ಆ ಊರು ಇಂಗ್ಲಿಷರಿಗೆ ಸೇರಿತು. ಇಂದು ಅಲ್ಲಿ ಡಚ್ಚರ ಗುರುತೆಂದು ಮುಖ್ಯವಾಗಿ ತೋರಿಸುವುದು ಗೋರಿಗಳನ್ನು. ಬಂದರಿನ ವ್ಯಾಪಾರ ತಗ್ಗಿದ ಮೇಲೆ ಉಳಿದದ್ದು ಸಣ್ಣದೊಂದು ಊರು. ಅದಕ್ಕೆ 1861ರಷ್ಟು ಹಿಂದೆಯೇ ಪುರಸಭೆ ಬಂದಿತ್ತು.

ಇಂಗ್ಲಿಷರ ಮೊದಲ ನೆಲೆ ವಿಶಾಖಪಟ್ಟಣದ ಹಳೆಯ ಊರಿನಲ್ಲಿ, ಡಾಲ್ಫಿನ್ಸ್ ನೋಸ್ ಬೆಟ್ಟದ ಆಸರೆಯಲ್ಲಿತ್ತು. ಪಕ್ಕದಲ್ಲೇ ಉಬ್ಬರದ ನೀರು ನುಗ್ಗುವ ಜೌಗು. ಕಾಲಕ್ರಮದಲ್ಲಿ ಸಾಹೇಬರು ಅಲ್ಲಿಂದ ಬಡಗಣ ದಿಕ್ಕಿನ ಎತ್ತರದ ಕೆಂಪು ನೆಲಕ್ಕೆ ಸರಿದರು. ಅದೇ ವಾಲ್ಟೇರು. ಗಾಳಿ ಚೆನ್ನಾಗಿದೆ, ಜೌಗಿನ ಜ್ವರವಿಲ್ಲ ಎಂಬುದು ಕಾರಣ. 19ನೆಯ ಶತಮಾನದಲ್ಲಿ ಅದು ಆರೋಗ್ಯಧಾಮವೆಂದು ಹೆಸರು ಪಡೆಯಿತು. 1890ರ ದಶಕದಲ್ಲಿ ಮದರಾಸು-ಕಲ್ಕತ್ತಾ ದಾರಿಯ ರೈಲು ಬಂದಾಗ ನಿಲ್ದಾಣಕ್ಕೂ ವಾಲ್ಟೇರು ಎಂದೇ ಹೆಸರಿಟ್ಟರು. 1987ರವರೆಗೂ ಆ ಹೆಸರೇ ಇತ್ತು. ನಮ್ಮಲ್ಲಿ ಹಿರಿಯರು ಈಗಲೂ 'ವಾಲ್ಟೇರಿನಲ್ಲಿ ಇಳಿದೆವು' ಎನ್ನುವುದು ಇದರಿಂದಲೇ. ಒಡಿಶಾದ ಕಡೆಯ ಜಯಪುರದ ಅರಸರು ಕಡಲ ಎದುರಿಗೆ 1917-23ರ ನಡುವೆ ಹವಾ ಮಹಲ್ ಕಟ್ಟಿಸಿದರು. ಬೇಸಗೆ ಕಳೆಯಲು ಬಂಗಲೆ ಮಾಡಿಕೊಳ್ಳುವುದು ಆಗ ರಾಜಮಹಾರಾಜರ, ಸಾಹೇಬರ ಮಾತು. ಗುಮಾಸ್ತರ ಮಾತಲ್ಲ.

ಆದರೆ ಅದೇ ಎತ್ತರದ ನೆಲ ಸಾಮಾನ್ಯರ ಮಕ್ಕಳಿಗೂ ದಕ್ಕಿತೆಂಬುದು ಸಂತೋಷದ ವಿಷಯ. 1926ರಲ್ಲಿ ಬೆಜವಾಡದಲ್ಲಿ ಹುಟ್ಟಿದ ಆಂಧ್ರ ವಿಶ್ವವಿದ್ಯಾನಿಲಯ 1930ರಲ್ಲಿ ವಾಲ್ಟೇರಿಗೆ ಬಂದಿತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಮೊದಲು ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅವರ ನಂತರ 1931ರಲ್ಲಿ ಬಂದ ರಾಧಾಕೃಷ್ಣನ್ನರೂ 1918ರಿಂದ 1921ರವರೆಗೆ ಮೈಸೂರಿನಲ್ಲಿ ಪಾಠ ಹೇಳಿದವರೇ. ಮುಂದೆ ಬೆಂಗಳೂರನ್ನು ತಮ್ಮದಾಗಿಸಿಕೊಂಡ ಸಿ.ವಿ. ರಾಮನ್ ಹುಡುಗರಾಗಿ ಬೆಳೆದು ಓದಿದ್ದು ಇದೇ ವಿಶಾಖಪಟ್ಟಣದ ಕಡಲ ಬದಿಯಲ್ಲಿ. ಈ ಊರು ಕನ್ನಡಿಗರಿಗೆ ತೀರ ಪರಕೀಯವೇನೂ ಅಲ್ಲ.

ಕಡಲು ಕೊಟ್ಟದ್ದು, ಕೊಂಡದ್ದು

ಹಿಂದೆ ಹೇಳಿದ ಜೌಗನ್ನು ಹೂಳೆತ್ತಿ ಆಳ ಮಾಡಿಯೇ ವಿಶಾಖಪಟ್ಟಣದ ಒಳಬಂದರನ್ನು ನಿರ್ಮಿಸಿದರು. 1933ರಲ್ಲಿ ಅದು ತೆರೆಯಿತು. ಇಲ್ಲಿ ಸ್ವಲ್ಪ ವಿಜ್ಞಾನ ಬೇಕಾಗುತ್ತದೆ. ನೈಋತ್ಯ ಮಾರುತದ ಕಾಲದಲ್ಲಿ ಅಲೆಗಳು ದಂಡೆಗೆ ಓರೆಯಾಗಿ ಬಡಿದು ಮರಳನ್ನು ಈಶಾನ್ಯದ ಕಡೆಗೆ ಒಯ್ಯುತ್ತವೆ. ಹಿಂಗಾರಿನಲ್ಲಿ ಸ್ವಲ್ಪ ಮರಳು ಹಿಂದಿರುಗುತ್ತದೆ. ಕೂಡಿ ಕಳೆದು ನೋಡಿದರೆ ವರ್ಷವಿಡೀ ಬಡಗಣಕ್ಕೇ ಹೆಚ್ಚು ಸಾಗುತ್ತದೆ. ದಂಡೆಯೆಂಬುದು ನಿಂತ ನೆಲವಲ್ಲ, ನಡೆಯುವ ಮರಳು. ಬಂದರಿನ ಬಾಯಿಗೆ ಈ ಮರಳು ತುಂಬದಂತೆ ಅಂದಿನ ಇಂಜಿನಿಯರುಗಳು ಹಳೆಯ ಹಡಗುಗಳೆರಡಕ್ಕೆ ಕಲ್ಲು ತುಂಬಿ ಮುಳುಗಿಸಿ ತಡೆ ಮಾಡಿದರು. ತಡೆಯ ತೆಂಕಣ ಬದಿಯಲ್ಲಿ ಮರಳು ನಿಲ್ಲುತ್ತದೆ; ಬಡಗಣ ಬದಿಯ ದಂಡೆಗೆ ಬರಬೇಕಾದ ಮರಳು ಬರುವುದಿಲ್ಲ. ಆದಕಾರಣ ಹೂಳೆತ್ತಿದ ಮರಳನ್ನು ಬಡಗಣ ದಂಡೆಗೆ ಸುರಿಯುವ ಕೆಲಸ ಅಂದಿನಿಂದ ಇಂದಿನವರೆಗೂ ಈ ಊರಿಗೆ ತಪ್ಪಿಲ್ಲ.

ಬಿರುಗಾಳಿಯ ಮಾತು ಬೇರೆ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ನೇರವಾಗಿ ವಿಶಾಖಪಟ್ಟಣದ ಮೇಲೆಯೇ ಹಾಯ್ದಿತು. ಗಾಳಿಯ ವೇಗ ಗಂಟೆಗೆ 170-180 ಕಿಲೋಮೀಟರ್. ವಿಮಾನ ನಿಲ್ದಾಣದ ಛಾವಣಿ ಹರಿಯಿತು; ಊರಿನ ಮರಗಳು ಲೆಕ್ಕವಿಲ್ಲದಷ್ಟು ಉರುಳಿದವು; ಕಡಲ ರಸ್ತೆ ಕುಸಿಯಿತು. ಕಲ್ಲುಕಟ್ಟಡದ ಸ್ಥಿತಿಯೇ ಹೀಗಾದಾಗ ಮರದ ಹಲಗೆ, ಗಾಜಿನ ಗೋಡೆಯ ಪುಟ್ಟ ಬಂಗಲೆಯ ಪಾಡನ್ನು ಓದುಗರೇ ಊಹಿಸಬಹುದು.

ಕಾಯಿದೆ ಬಂದ ಬಗೆ

ದಂಡೆಯಲ್ಲಿ ಯಾರು ಬೇಕಾದರೂ ಕಟ್ಟಬಹುದೆಂಬ ಕಾಲ ಮುಗಿದದ್ದು ಮೆಲ್ಲಮೆಲ್ಲನೆ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಕಾಗದ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ದಂಡೆಯನ್ನು ಕಟ್ಟಡಗಳಿಂದ ಮುಕ್ತವಾಗಿಡಬೇಕೆಂದು ಸೂಚಿಸಿದರು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಆಧಾರದ ಮೇಲೆ 1991ರ ಫೆಬ್ರುವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. ಹಳ್ಳಿಗಾಡಿನ ದಂಡೆಯಲ್ಲಿ ಮೊದಲ 200 ಮೀಟರಿನಲ್ಲಿ ಹೊಸ ಮನೆ ಕೂಡದು. ಊರಿನೊಳಗಾದರೆ ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಒಳನಾಡಿನ ಬದಿಗೆ ಮಾತ್ರ. 2011ರಲ್ಲಿ ಇದನ್ನು ಬದಲಿಸಿ ಬರೆದರು. 2019ರ ಅಧಿಸೂಚನೆಯಲ್ಲಿ ಜನಸಂಖ್ಯೆ ಒತ್ತಾಗಿರುವ ಹಳ್ಳಿಗಳಿಗೆ, ಎಂದರೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆಗೆ, 200 ಮೀಟರನ್ನು 50ಕ್ಕೆ ಇಳಿಸಿದರು. ಉಳಿದೆಡೆ 200 ಹಾಗೆಯೇ ಇದೆ. ಆದ್ದರಿಂದ 'ಪಕ್ಕದವರಿಗೆ ಪರವಾನಗಿ ಸಿಕ್ಕಿದೆ' ಎಂಬ ಮಾತಿಗೆ ಬೆಲೆಯಿಲ್ಲ. ಪಕ್ಕದ ಹಳ್ಳಿಯ ಗೆರೆ ಬೇರೆ, ನಮ್ಮದು ಬೇರೆ ಇರಬಹುದು.

ಋಷಿಕೊಂಡದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಕಡಲಿಗೆ ಚಾಚಿಕೊಂಡ ಆ ಗುಡ್ಡದ ಮೇಲೆ ಪ್ರವಾಸೋದ್ಯಮ ನಿಗಮದ ಹರಿತಾ ವಸತಿಗಳಿದ್ದವು. ಸಾಧಾರಣ ಕುಟುಂಬದವರು ಒಂದೆರಡು ದಿನ ಇದ್ದು ಬರಬಹುದಾಗಿತ್ತು. 2021ರಲ್ಲಿ ಅವನ್ನು ಕೆಡವಿ ಗುಡ್ಡ ಅಗೆದು ಭಾರಿ ಕಟ್ಟಡಗಳನ್ನು ಎಬ್ಬಿಸಲು ಹೊರಟಾಗ ತಕರಾರು ಹಸಿರು ನ್ಯಾಯಪೀಠ, ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೂ ಹೋಯಿತು. ಹಿಂದೆ ಕಟ್ಟಡವಿದ್ದ ಸಮತಟ್ಟು ಜಾಗಕ್ಕೆ ಮಾತ್ರ ಕೆಲಸ ಸೀಮಿತವಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರಕಾರವೇ ಕಟ್ಟಿದರೂ ಕಡಲ ಪಕ್ಕದ ಗುಡ್ಡದ ಮೇಲೆ ಪ್ರಶ್ನೆ ತಪ್ಪುವುದಿಲ್ಲವೆಂದ ಮೇಲೆ ನಮ್ಮಂಥವರ ಮಾತೇನು?

ಇನ್ನೊಂದು ವಿಷಯವನ್ನೂ ಮರೆಯಬಾರದು. ಈ ದಂಡೆ ಬರಿದಾಗಿರಲಿಲ್ಲ. ಜಾಲಾರಿಗಳು, ವಾಡಬಲಿಜರು ತಲೆಮಾರುಗಳಿಂದ ಇಲ್ಲಿ ದೋಣಿ ಎಳೆದು ಬಲೆ ಒಣಹಾಕಿದ್ದಾರೆ. 'ಖಾಲಿ ಜಾಗ, ಎದುರಿಗೇ ಕಡಲು' ಎಂದು ನಮಗೆ ತೋರಿಸುವ ನೆಲ ಎಷ್ಟೋ ಸಲ ಒಬ್ಬರ ಅಂಗಳವಾಗಿರುತ್ತದೆ.

ಅರಕು ಕಣಿವೆಯಲ್ಲಿ

ಕಡಲು ಬೇಡ, ಬೆಟ್ಟವಿರಲಿ ಎನ್ನುವವರು ಅರಕು ಕಣಿವೆಯತ್ತ ನೋಡುತ್ತಾರೆ. 1960ರ ದಶಕದಲ್ಲಿ ಕೊತ್ತವಲಸ-ಕಿರಂದೂಲ್ ರೈಲುದಾರಿ ಬಂದ ಮೇಲೆ ಆ ಕಣಿವೆ, ಬೊರ್ರಾ ಗುಹೆಗಳು, ಅನಂತಗಿರಿಯ ಕಾಫಿ ತೋಟಗಳು ಎಲ್ಲರಿಗೂ ಹತ್ತಿರವಾದವು. ನಮಗೆ ಕೊಡಗಿನ ನೆನಪು ತರುವ ಸೀಮೆ ಅದು. ಆದರೆ ಅದು ಅನುಸೂಚಿತ ಪ್ರದೇಶ. 1959ರ 1ನೆಯ ನಂಬರಿನ ಭೂಹಸ್ತಾಂತರ ರೆಗ್ಯುಲೇಷನ್ನೂ ಅದಕ್ಕೆ 1970ರಲ್ಲಿ ಬಂದ ತಿದ್ದುಪಡಿಯೂ ಅಲ್ಲಿನ ಜಮೀನು ಗಿರಿಜನರಲ್ಲದವರಿಗೆ ಹೋಗದಂತೆ ತಡೆದಿವೆ. ಗಣಿಗಾರಿಕೆಯ ಗುತ್ತಿಗೆಯ ಮೇಲೆ ಸಮತಾ ಎಂಬ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು, ಸರಕಾರ ಕೂಡ ಅಲ್ಲಿನ ತನ್ನ ಭೂಮಿಯನ್ನು ಗಿರಿಜನೇತರರಿಗೆ ಗುತ್ತಿಗೆ ಕೊಡಲಾಗದೆಂದು ತೀರ್ಪಿತ್ತಿತು. ಆ ಮೊಕದ್ದಮೆ ಹುಟ್ಟಿದ್ದು ಇದೇ ಅನಂತಗಿರಿ, ಬೊರ್ರಾ ಆಸುಪಾಸಿನಲ್ಲಿ.

ನಮ್ಮ ಪರಿಚಯದ ಒಬ್ಬ ಹಿರಿಯರು ಆ ಕಡೆಯ ಕಾಟೇಜೊಂದಕ್ಕೆ ಬರಿಯ ಕರಾರುಪತ್ರದ ಮೇಲೆ ಮುಂಗಡ ಕೊಟ್ಟಿದ್ದರು. 'ರಿಜಿಸ್ಟ್ರೇಷನ್ ಆಮೇಲೆ' ಎಂದಿದ್ದರಂತೆ ಮಾರುವವರು. ಆ 'ಆಮೇಲೆ' ಬರುವಂಥದಲ್ಲ ಎಂದು ತಿಳಿಯುವ ಹೊತ್ತಿಗೆ ಮಗಳ ಮದುವೆಗೆಂದು ಇಟ್ಟ ಹಣದಲ್ಲಿ ಒಂದು ಪಾಲು ಹೋಗಿತ್ತು. ಅವರು ಅದನ್ನು ಸಂಘದಲ್ಲಿ ಯಾರ ಮುಂದೆಯೂ ಆಡಲಿಲ್ಲ. ಇಂಥವು ಆಡದೆ ಉಳಿಯುವುದರಿಂದಲೇ ಇನ್ನೊಬ್ಬರಿಗೆ ಅದೇ ಗತಿ ಬರುತ್ತದೆ.

ಕೃಷ್ಣೆಯ ತಡಿಯಲ್ಲಿ

ವಿಜಯವಾಡಕ್ಕೆ ಬರೋಣ. ಮಹಾಬಲೇಶ್ವರದಲ್ಲಿ ಹುಟ್ಟಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳನ್ನು ದಾಟಿ ಬರುವ ಕೃಷ್ಣೆ ಇಲ್ಲಿ ಇಂದ್ರಕೀಲಾದ್ರಿಗೂ ಸೀತಾನಗರದ ಗುಡ್ಡಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಹಾಯುತ್ತದೆ. ಆಚೆ ದಡದಲ್ಲಿ ಉಂಡವಲ್ಲಿಯ ಗುಹಾದೇವಾಲಯ. ಬಾಗಲಕೋಟೆ ಕಡೆಯವರು ಇಲ್ಲಿ ಸ್ನಾನಕ್ಕಿಳಿದಾಗ 'ನಮ್ಮೂರ ನೀರು' ಎನ್ನುವುದನ್ನು ಕೇಳಿದ್ದೇವೆ. ಅದು ಬರಿಯ ಭಾವನೆಯಲ್ಲ, ನಿಜ.

ಆ ಇಕ್ಕಟ್ಟಿನಲ್ಲೇ 1852-55ರಲ್ಲಿ ಸರ್ ಆರ್ಥರ್ ಕಾಟನ್ನರ ಯೋಜನೆಯಂತೆ ಆಣೆಕಟ್ಟು ಎದ್ದಿತು. ಕಾಲುವೆಗಳಾದವು. ಕಾಲುವೆ ನೋಡಿಕೊಳ್ಳುವ ಇಂಜಿನಿಯರುಗಳು ತಂಗಲು ನೀರಿನ ಬದಿಯ ತಪಾಸಣೆ ಬಂಗಲೆಗಳಾದವು. ಈ ಸೀಮೆಯಲ್ಲಿ ನೀರಿನ ಬಳಿಯ ಬಂಗಲೆ ಹುಟ್ಟಿದ್ದು ವಿಹಾರಕ್ಕಲ್ಲ, ಕಾವಲಿಗೆ. 1952ರಲ್ಲಿ ಆ ಹಳೆಯ ಆಣೆಕಟ್ಟು ಒಡೆಯಿತು. ಅದರ ಬದಲಿಗೆ ಕಟ್ಟಿದ್ದೇ 1957ರಲ್ಲಿ ತೆರೆದ ಪ್ರಕಾಶಂ ಬ್ಯಾರೇಜು. ಟಂಗುಟೂರಿ ಪ್ರಕಾಶಂ ಪಂತುಲು ಅವರ ಹೆಸರು, ಉದ್ದ ಸುಮಾರು 1,220 ಮೀಟರ್.

ಬ್ಯಾರೇಜಿನ ಹಿಂದೆ ನಿಂತ ನೀರಿನ ನಡುವೆ ಭವಾನಿ ದ್ವೀಪವಿದೆ. ವಿಸ್ತೀರ್ಣ ಸುಮಾರು 133 ಎಕರೆ. ಪ್ರವಾಸೋದ್ಯಮದವರು ಅಲ್ಲಿ ಕಾಟೇಜುಗಳನ್ನು, ಮರದ ಮೇಲಿನ ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ದೋಣಿಯಲ್ಲಿ ಹೋಗಿ ಇಳಿಯಬೇಕು. ಸಂಜೆಯ ಹೊತ್ತಿಗೆ ಬೆಟ್ಟದ ದೀಪಗಳು ನೀರಿನಲ್ಲಿ ಕಾಣುತ್ತವೆ. ಅಲ್ಲೊಂದು ಮನೆ ನಮ್ಮದಾಗಿದ್ದರೆ ಎಂದು ಯಾರಿಗಾದರೂ ಅನ್ನಿಸದೆ ಇರದು.

ಆದರೆ ಹೊಳೆಗೆ ತನ್ನ ಅಗಲ ನೆನಪಿರುತ್ತದೆ. 2009ರ ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲೂ ಕರ್ನೂಲಿನಲ್ಲೂ ಸುರಿದ ಮಳೆಗೆ ಮಂತ್ರಾಲಯವೇ ಮುಳುಗಿದ್ದು ನಮ್ಮವರಿಗೆಲ್ಲ ಗೊತ್ತು. ಆ ನೀರು ಕೆಳಗಿಳಿದು ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ಸಿನ ಮಟ್ಟ ಮುಟ್ಟಿತು. 2019ರ ಆಗಸ್ಟಿನಲ್ಲಿ ಪುನಃ ಪ್ರವಾಹ; ಭವಾನಿ ದ್ವೀಪಕ್ಕೆ ನೀರು ನುಗ್ಗಿತು. 2024ರ ಸೆಪ್ಟೆಂಬರ್ ಆರಂಭದಲ್ಲಿ 11.43 ಲಕ್ಷ ಕ್ಯೂಸೆಕ್ಸ್ ಹರಿದು ಹಿಂದಿನ ದಾಖಲೆಯೂ ಮುರಿಯಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ ಸೆಕೆಂಡಿಗೆ ಮೂರು ಕೋಟಿ ಲೀಟರಿಗೂ ಮೀರಿತು. ದ್ವೀಪ ಮುಳುಗಿತು, ಕಿತ್ತುಬಂದ ದೋಣಿಗಳು ಬ್ಯಾರೇಜಿನ ಬಾಗಿಲುಗಳ ಬಳಿ ಬಡಿದವು. ಅದೇ ವೇಳೆ ಬುಡಮೇರು ಹಳ್ಳ ಏರಿ ಒಡೆದು, ಹೊಳೆಯನ್ನೇ ಕಾಣದ ಬಡಾವಣೆಗಳಲ್ಲೂ ಎದೆಮಟ್ಟ ನೀರು ನಿಂತಿತು.

ಹೊಳೆಯ ದಡಕ್ಕೂ ಕಾನೂನಿದೆ, ಅದು ಹೊಸದಲ್ಲ. ಮದರಾಸು ಸರಕಾರದ 1884ರ ನದಿ ಸಂರಕ್ಷಣಾ ಕಾಯಿದೆಯ ಕಾಲದಿಂದಲೂ ಹೊಳೆಯ ಪಾತ್ರದಲ್ಲಿ ಮನಬಂದಂತೆ ಕಟ್ಟುವಂತಿರಲಿಲ್ಲ. 2019ರ ಜೂನಿನಲ್ಲಿ ಉಂಡವಲ್ಲಿಯ ದಡದಲ್ಲಿ ಸರಕಾರವೇ ಕಟ್ಟಿದ್ದ ಪ್ರಜಾ ವೇದಿಕೆ ಎಂಬ ಸಭಾಂಗಣವನ್ನು ನಿಯಮ ಮೀರಿದ್ದೆಂದು ಸರಕಾರವೇ ಕೆಡವಿತು. ಅದರ ರಾಜಕೀಯ ನಮಗೆ ಬೇಡ. ಹೊಳೆಯ ದಡದ ಕಟ್ಟಡಕ್ಕೆ ಆಯುಸ್ಸು ಎಷ್ಟೆಂಬುದಷ್ಟೇ ನಮಗೆ ಬೇಕಾದ ಪಾಠ.

ನಮ್ಮ ಲೆಕ್ಕ

ಹಾಗಾದರೆ ನಮ್ಮಂಥವರು ನೀರಿನ ಆಸೆ ಬಿಡಬೇಕೆ? ಬೇಕಾಗಿಲ್ಲ. ಆಸೆಗೂ ಕ್ರಯಪತ್ರಕ್ಕೂ ನಡುವೆ ಸ್ವಲ್ಪ ಬಿಡುವು ಇರಲಿ ಎಂದಷ್ಟೇ ನಮ್ಮ ವಿನಂತಿ. ಕೊಳ್ಳುವ ಮೊದಲು ನಾಲ್ಕು ಕಾಗದ ಕೇಳಬೇಕು. ಕಡಲಾದರೆ, ಉಬ್ಬರದ ಗೆರೆ ತೋರಿಸುವ ಅಧಿಕೃತ ನಕ್ಷೆಯಲ್ಲಿ ಆ ಸರ್ವೆ ನಂಬರು ಎಲ್ಲಿದೆ? ಹೊಳೆಯಾದರೆ, 2009ರಲ್ಲೂ 2024ರಲ್ಲೂ ನೀರು ಎಲ್ಲಿಯವರೆಗೆ ಬಂದಿತ್ತು? ಬೆಟ್ಟವಾದರೆ, ಅದು ಅನುಸೂಚಿತ ಪ್ರದೇಶವೇ? ಎಲ್ಲ ಕಡೆಯೂ, ನಮ್ಮ ಹೆಸರಿಗೆ ಬರುವುದು ನೆಲವೋ, ಬರಿಯ ಗೋಡೆಯೋ, ಅಥವಾ ವರ್ಷಕ್ಕೆ ಏಳು ದಿನ ಇರುವ ಹಕ್ಕೋ? ಸರಕಾರಿ ನೌಕರರಾದರೆ ಐದನೆಯದೂ ಉಂಟು. 1964ರ ನಡತೆ ನಿಯಮಗಳ ಪ್ರಕಾರ ಸ್ಥಿರಾಸ್ತಿ ಕೊಳ್ಳುವ ಮುಂಚೆ ಇಲಾಖೆಗೆ ತಿಳಿಸಲೇಬೇಕು.

ನಮ್ಮ ಮನೆಯಲ್ಲಿ ಈ ಲೆಕ್ಕವನ್ನು ಕೂತು ಹಾಕಿದೆವು. ಭವಿಷ್ಯನಿಧಿಯ ಬಹುಪಾಲು ಒಂದು ಬಂಗಲೆಗೆ ಹೋಗುತ್ತಿತ್ತು. ವರ್ಷದಲ್ಲಿ ಅಲ್ಲಿ ಇರುವುದು ಹತ್ತು ದಿನ. ಉಳಿದ 355 ದಿನ ಉಪ್ಪುಗಾಳಿಗೂ ಗೆದ್ದಲಿಗೂ ಬಿಟ್ಟದ್ದು. ಮನೆಯವರಿಗೆ ಬೇಸರವಾಯಿತು. ಮಕ್ಕಳು, 'ಹಾಗಾದರೆ ನಮಗೆ ಊರೇ ಇಲ್ಲವೇ?' ಎಂದರು. ಆ ಪ್ರಶ್ನೆಗೆ ಬಂಗಲೆ ಉತ್ತರವಾಗಲಾರದೆಂದು ನಮಗೆ ತೋರಿತು. ಊರಾಗುವುದಕ್ಕೆ ನೆರೆಹೊರೆ ಬೇಕು, ಕಷ್ಟಸುಖಕ್ಕೆ ಬರುವ ಜನ ಬೇಕು. ಹೊರನಾಡಿನಲ್ಲಿ ನಮಗೆ ಅದು ಸಿಕ್ಕಿರುವುದು ಸಂಘದ ಈ ಅಂಗಳದಲ್ಲಿ. ಸರಕಾರ 1956ರಿಂದ ನೌಕರರಿಗೆ ರಜಾ ಪ್ರಯಾಣದ ಸವಲತ್ತು ಕೊಟ್ಟಿದೆ. ಶಿಮ್ಲಾ, ಕನ್ಯಾಕುಮಾರಿಗಳಂಥ ಕಡೆ ವಿಶ್ರಾಂತಿ ಗೃಹಗಳನ್ನೂ ಇಟ್ಟಿದೆ. ನಾಲ್ಕಾರು ಕನ್ನಡ ಕುಟುಂಬಗಳು ಸೇರಿ ಚಳಿಗಾಲದಲ್ಲಿ ಕಡಲ ಬದಿಯ ಕಾಟೇಜುಗಳನ್ನು ಮೂರು ದಿನಕ್ಕೆ ಹಿಡಿದರೆ ಮಕ್ಕಳಿಗೆ ನೀರೂ ಸಿಗುತ್ತದೆ, ಜೊತೆಯೂ ಸಿಗುತ್ತದೆ, ಕನ್ನಡವೂ ಕಿವಿಗೆ ಬೀಳುತ್ತದೆ.

ಆದರೂ ಕೊಳ್ಳಲೇಬೇಕೆಂಬ ಬಂಧುಗಳು ಒಮ್ಮೆ ತೊಟ್ಲಕೊಂಡ ಹತ್ತಿ, ಆ ಭಿಕ್ಷುಗಳು ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ನಿಂತು ಕಡಲನ್ನು ನೋಡಿದರೆಂಬುದನ್ನು ಕಂಡು ಬರಲಿ. ಅಲ್ಲಿಂದಲೂ ಕಡಲು ಚೆನ್ನಾಗಿಯೇ ಕಾಣುತ್ತದೆ.